ಹತ್ತಕ್ಕೆ ಆರು

"ಹಾಜರಿಯಿಂದ ನನ್ನ ಹೆಸರು ತೆಗೆದುಬಿಡಿ ಮೇಡಂ. ಇನ್ಮೇಲೆ ನಾನು ಬರಲ್ಲ."

ಸಂಜೆಯ ಇಂಗ್ಲಿಷ್ ತರಗತಿ ಇನ್ನೂ ಶುರುವಾಗಿರಲಿಲ್ಲ. ಅಷ್ಟೂ ಜನರ ಎದುರಿಗೆ ಲಿಫ್ಟ್ ಮೆಕ್ಯಾನಿಕ್ ತನ್ನ ನೋಟ್‌ಬುಕ್ಕನ್ನು ಟೀಚರ್ ಮೇಜಿನ ಮೇಲಿಟ್ಟ. ಎಸೆಯಲಿಲ್ಲ, ಮೆಲ್ಲಗೆ ಇಟ್ಟ.

ಟೀಚರ್ ತಲೆಯೆತ್ತಿದಳು. ನಾಲ್ಕು ತಿಂಗಳಿಂದ ಕೊನೆಯ ಬೆಂಚಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದ ಕಣ್ಣುಗಳು ಇವತ್ತು ಗೋಡೆಯನ್ನು ನೋಡುತ್ತಿದ್ದವು.

"ಯಾಕೆ? ಪರೀಕ್ಷೆಗೆ ಇನ್ನು ಹತ್ತೇ ದಿನ ಇದೆಯಲ್ಲ..."

"ಪರೀಕ್ಷೆ ಬರೆಯಲ್ಲ. ಬೇರೆ ಊರಿಗೆ ಹೋಗ್ತೀನಿ ಅಂತ ಕಂಪನಿಗೆ ಬರೆದುಕೊಟ್ಟಿದ್ದೀನಿ. ಶುಕ್ರವಾರ ಹೊರಡ್ತೀನಿ."

ಅವನು ಮೆಟ್ಟಿಲಿಳಿದು ಹೋದ. ಅವಳು ಕುರ್ಚಿಯಿಂದ ಏಳಲೂ ಇಲ್ಲ. ಏಳಬಾರದೇ? ಹಿಂದೆ ಓಡಿ ಒಂದು ಮಾತು ಕೇಳಬಾರದೇ? ಆದರೆ ಟೀಚರ್ ಎನ್ನುವ ಗತ್ತು ಇದೆಯಲ್ಲ, ಅದು ಕಾಲಿಗೇ ಕಟ್ಟಿಕೊಂಡಿತ್ತು.

ಅವನ ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರು ಸೂಪರ್‌ವೈಸರ್ ಆಗಿ ಇದೇ ಊರಲ್ಲಿ ಉಳಿಯುತ್ತಿದ್ದರು. ಮಿಕ್ಕವರನ್ನು ಹೊಸ ಕಟ್ಟಡಗಳು ಏಳುತ್ತಿದ್ದ ದೂರದ ಊರುಗಳಿಗೆ ಕಳಿಸುತ್ತಿದ್ದರು. ಇಲ್ಲೇ ಉಳಿಯಬೇಕೆಂದೇ ಅವನು ಇಂಗ್ಲಿಷ್ ಕಲಿಯಲು ಬಂದಿದ್ದ. ಈಗ ತಾನಾಗಿಯೇ ಹೋಗುತ್ತೇನೆ ಎನ್ನುತ್ತಿದ್ದಾನೆ!

ಆ ಸಂಜೆ ಅವಳು ಏನು ಪಾಠ ಮಾಡಿದಳೋ ಅವಳಿಗೇ ಗೊತ್ತಾಗಲಿಲ್ಲ. ಹೇಳಿಕೊಡಬೇಕಿದ್ದದ್ದು ಅವಳಿಗೆ ಬಾಯಿಪಾಠವಾಗಿದ್ದ ವಿಷಯ. ಇಂಗ್ಲಿಷಿನ ದಿನಬಳಕೆಯ ಪದಗಳ ಬೆನ್ನಿಗೆ ಬರುವ ಪುಟ್ಟ ಪದಗಳು. 'ವೇಟ್' ಆದಮೇಲೆ 'ಫಾರ್', 'ಅಫ್ರೇಡ್' ಆದಮೇಲೆ 'ಆಫ್', 'ಮ್ಯಾರೀಡ್' ಆದಮೇಲೆ 'ಟು'. ನಾವು ಒಬ್ಬರ ಜೊತೆ ಮದುವೆ ಎನ್ನುವುದರಿಂದ ಎಲ್ಲರೂ ಅಲ್ಲಿ 'ವಿತ್' ತುರುಕುತ್ತಾರೆ. ಯಾಕೆ ಹಾಗೆ ಎಂದು ಯಾರಾದರೂ ಕೇಳಿದರೆ, ಕಾರಣ ಕೇಳಬೇಡಿ, ರೂಢಿ ಮಾಡಿಕೊಳ್ಳಿ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮನೆಗೆ ಬಂದವಳು ಊಟ ಬೇಡವೆಂದಳು. ಅಕ್ಕ ಅವಳ ಮುಖ ನೋಡಿದಳು, ಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ಕನ್ನು ನೋಡಿದಳು. ಕೇಳದೆಯೇ ತೆಗೆದು ಪುಟ ತಿರುವತೊಡಗಿದಳು. ತಂಗಿಯ ವಸ್ತು ಮುಟ್ಟಲು ಅಪ್ಪಣೆ ಕೇಳುವ ಜಾಯಮಾನ ಅಕ್ಕನದಲ್ಲ.

ಒಂದು ಪುಟದಲ್ಲಿ ಅವಳ ಕೈ ನಿಂತಿತು. ಆಮೇಲೆ ಅಕ್ಕ ಮೆಲ್ಲಗೆ ಕೇಳಿದಳು.

"ಲೇ, ಇವನು ನಿನಗೆ ಕಾಗದ ಬರೆದಿದ್ದಾನೆ. ನೀನು ಅದಕ್ಕೆ ಹತ್ತಕ್ಕೆ ಆರು ಕೊಟ್ಟಿದ್ದೀಯಲ್ಲೇ..."

ಅವಳು ನೋಟ್‌ಬುಕ್ ಕಿತ್ತುಕೊಂಡಳು. ಕಳೆದ ವಾರ ತಿದ್ದಿಕೊಟ್ಟಿದ್ದ ಹೋಮ್‌ವರ್ಕ್. ಹತ್ತು ಪದ ಕೊಟ್ಟು ಹತ್ತು ವಾಕ್ಯ ಬರೆಯಲು ಹೇಳಿದ್ದಳು.

ಮುರುಕಲು ಇಂಗ್ಲಿಷಿನಲ್ಲಿ ಅವನು ಹತ್ತನ್ನೂ ಅವಳಿಗೇ ಬರೆದಿದ್ದ. ಎತ್ತರವೆಂದರೆ ತನಗೆ ಭಯವಿಲ್ಲ, ನಿಮ್ಮೆದುರು ಬಾಯಿ ತೆರೆಯಲು ಭಯ. ವಾರವಿಡೀ ಮಂಗಳವಾರಕ್ಕೆ ಕಾಯುತ್ತೇನೆ. ನೀವು ಸೀಮೆಸುಣ್ಣದ ಕೈಯಲ್ಲಿ ಹಣೆ ಒರೆಸಿಕೊಂಡಾಗ ಎಲ್ಲರೂ ನಕ್ಕರು, ಅವರ ಮೇಲೆ ಕೋಪ ಬಂತು. ನಿಮ್ಮ ವಿಷಯ ಅಮ್ಮನಿಗೆ ಹೇಳಿದ್ದೇನೆ... ಹೀಗೇ ಸಾಗಿ ಹತ್ತನೆಯ ವಾಕ್ಯದಲ್ಲಿ, ನಿಮ್ಮನ್ನೇ ಮದುವೆಯಾಗಬೇಕೆಂದಿದ್ದೇನೆ, ಒಪ್ಪಿಗೆಯಿಲ್ಲದಿದ್ದರೆ ಇದು ಬರೀ ಹೋಮ್‌ವರ್ಕ್ ಎಂದುಕೊಳ್ಳಿ ಎಂದಿತ್ತು.

'ಮ್ಯಾರೀಡ್' ಬೆನ್ನಿಗೆ 'ವಿತ್' ಬರೆದಿದ್ದ. ಆ ವಾಕ್ಯದ ಮೇಲೆ ಉದ್ದಕ್ಕೂ ಕೆಂಪು ಗೆರೆ. ಕೆಳಗೆ ಅಂಕ, ಅವಳದೇ ಸಹಿ, ತಾರೀಖು. ಬೇರೆ ಒಂದಕ್ಷರವಿಲ್ಲ.

"ಓದ್ಲಿಲ್ವಾ ನೀನು?" ಅಕ್ಕ ಕೇಳಿದಳು.

ಓದಿರಲಿಲ್ಲ. ದಿನಕ್ಕೆ ಮೂರು ತಂಡ, ನೂರರ ಹತ್ತಿರ ನೋಟ್‌ಬುಕ್ಕು. ವಾಕ್ಯ ಓದುತ್ತಾ ಕೂತರೆ ಮುಗಿಯುವುದಿಲ್ಲವೆಂದು ಅವಳೊಂದು ಉಪಾಯ ಮಾಡಿಕೊಂಡಿದ್ದಳು. ಕೊಟ್ಟ ಪದಕ್ಕೂ ಅದರ ಬೆನ್ನಿಗಿರುವುದಕ್ಕೂ ವಿದ್ಯಾರ್ಥಿಗಳು ಅಡಿಗೆರೆ ಎಳೆಯಬೇಕು. ಅವಳು ಒಂದು ರಟ್ಟಿನ ಚೂರಿನಲ್ಲಿ ಕಿಂಡಿ ಕೊರೆದು ಸಾಲಿನ ಮೇಲೆ ಸರಿಸುತ್ತಾ ಹೋಗುವಳು. ಕಿಂಡಿಯಲ್ಲಿ ಎರಡೇ ಪದ ಕಾಣುತ್ತವೆ, ಮಿಕ್ಕದ್ದೆಲ್ಲ ಮುಚ್ಚಿರುತ್ತದೆ. ಒಂದು ನೋಟ್‌ಬುಕ್ಕಿಗೆ ಅರ್ಧ ನಿಮಿಷ ಸಾಕೆಂದು ಸಹೋದ್ಯೋಗಿಗಳ ಮುಂದೆ ಬೀಗಿದ್ದಳು ಕೂಡ.

ಕೊನೆಯ ಬೆಂಚು ಖಾಲಿ ಕಂಡ ದಿನ ಹಾಜರಿ ಕೂಗುವುದನ್ನೇ ಐದು ನಿಮಿಷ ತಡಮಾಡುತ್ತಿದ್ದವಳು ಇವಳೇ. ಅವನು ಒಮ್ಮೆ ಬಾಯಿಬಿಟ್ಟು ಹೇಳಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದವಳೂ ಇವಳೇ. ಮೂವತ್ತೈದು ವರ್ಷಕ್ಕೆ ಮೊದಲ ಬಾರಿ ಒಬ್ಬರು ತನಗಾಗಿ ಬರೆದದ್ದನ್ನು ಓದದೆಯೇ ಹೊಡೆದುಹಾಕಿದ್ದಳು. 'ಅವರು ಏನಂದುಕೊಂಡಿರಬಹುದು... ನಾನು ಎಂಥ ಕಲ್ಲು ಅಂದುಕೊಂಡಿರಬಹುದು...' ಅಕ್ಕನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಗ್ಗೆ ಕಂಪನಿಗೆ ಹೋಗಿ ವಿಚಾರಿಸಿದಳು. ಪೇಟೆಯ ಏಳು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ, ಅಲ್ಲಿರಬಹುದು ಎಂದರು. ಲಿಫ್ಟ್ ಕೆಟ್ಟ ಕಟ್ಟಡ ಎಂದಮೇಲೆ ಮೆಟ್ಟಿಲೇ ಗತಿ. ಆರನೇ ಮಹಡಿ ಮುಟ್ಟುವ ಹೊತ್ತಿಗೆ ಅವಳ ಉಸಿರು ಬಾಯಿಗೆ ಬಂದಿತ್ತು.

ಲಿಫ್ಟಿನ ಬಾಗಿಲು ತೆರೆದಿತ್ತು, ಮುಂದೆ ಹಳದಿ ಅಡ್ಡಗಂಬಿ. ಅದರಾಚೆ, ಅರ್ಧಕ್ಕೆ ನಿಂತ ಲಿಫ್ಟಿನ ನೆತ್ತಿಯ ಮೇಲೆ ಅವನು ಕೂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನಾನು ಓದಿರ್ಲಿಲ್ಲ," ಎಂದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ರಟ್ಟಿನ ವಿಷಯ, ಕಿಂಡಿಯ ವಿಷಯ, ನೂರು ನೋಟ್‌ಬುಕ್ಕಿನ ವಿಷಯ ಎಲ್ಲವನ್ನೂ ಏದುಸಿರು ಬಿಡುತ್ತಾ ಹೇಳಿ ಮುಗಿಸಿದಳು. ಈಗ ಅವನ ಮುಖ ಅರಳುತ್ತದೆ ಎಂದುಕೊಂಡಿದ್ದಳು.

ಅರಳಲಿಲ್ಲ.

"ಆರು ದಿನ ಕೂತು ಬರೆದಿದ್ದೆ," ಎಂದ. "ನೀವು ಓದಿ ಬೇಡ ಅಂದ್ರಿ ಅಂದುಕೊಂಡಿದ್ದೆ. ನೋವಾಯ್ತು, ಆದರೂ ಓದಿದ್ರಲ್ಲ ಅನ್ನೋ ಸಮಾಧಾನ ಇತ್ತು. ಈಗ ಅದೂ ಹೋಯ್ತು."

ಅವನು ಹೇಳಿದ್ದು ನಿಜವಾಗಿತ್ತು. ತಪ್ಪನ್ನು ವಿವರಿಸಿದ ಮಾತ್ರಕ್ಕೆ ತಪ್ಪು ಅಳಿದುಹೋಗುವುದಿಲ್ಲ ಎಂಬುದು, ಊರಿಗೆಲ್ಲ ತಪ್ಪು ತಿದ್ದುವವಳಿಗೆ ಆರನೇ ಮಹಡಿಯಲ್ಲಿ ಅರ್ಥವಾಯಿತು. ಅವಳು ಅಡ್ಡಗಂಬಿಯ ಪಕ್ಕ ನೆಲದ ಮೇಲೆಯೇ ಕುಳಿತಳು.

"ನಿನ್ನೆ ರಾತ್ರಿ ಓದ್ದೆ. ಹನ್ನೊಂದು ಸಲ ಓದ್ದೆ. ಅಕ್ಕ ಬೈದು ದೀಪ ಆರಿಸೋವರೆಗೂ ಓದ್ದೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ ನನಗೆ. ನೀವು ಹೋಗೋದಾದ್ರೆ ಹೋಗಿ, ತಡೆಯೋ ಹಕ್ಕು ನನಗಿಲ್ಲ. ಆದ್ರೆ ನಾನು ಬೇಡ ಅಂದೆ ಅಂದುಕೊಂಡು ಮಾತ್ರ ಹೋಗಬೇಡಿ. ನಾನು ಬೇಡ ಅಂದಿಲ್ಲ..."

ಅವನು ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದ.

"ಸಹಿ ಹಾಕಿಬಿಟ್ಟಿದ್ದೀನಿ," ಎಂದ ಕೊನೆಗೆ. "ಶುಕ್ರವಾರ ಹೋಗಲೇಬೇಕು. ಒಂದು ವರ್ಷ."

"ಇವತ್ತಿನ್ನೂ ಬುಧವಾರ."

"ಅಂದ್ರೆ?"

"ನಾಳೆ ನಿಮ್ಮ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ಮದುವೆ ಯಾವಾಗ ಅಂತ ಹಿರಿಯರು ಕೂತು ಮಾತಾಡ್ಲಿ. ಆಮೇಲೆ ನೀವಿರೋ ಊರಿಗೆ ನಾನೇ ಬರ್ತೀನಿ. ಇಂಗ್ಲಿಷ್ ಬರದವರು ಅಲ್ಲೂ ಇರ್ತಾರೆ, ನನಗೆ ಕೆಲಸ ಸಿಗುತ್ತೆ."

ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಕಣ್ಣಂಚು ಒದ್ದೆಯಾಗಿತ್ತು. ಕೆಳಗಿನ ಮಹಡಿಯಿಂದ ಯಾರೋ ಲಿಫ್ಟ್ ಇನ್ನೂ ಎಷ್ಟು ಹೊತ್ತು ಎಂದು ಕೂಗಿದರು.

"ಮೇಡಂ, ಅಮ್ಮನಿಗೆ ಏನಂತ ಹೇಳ್ಲಿ?"

"ಮೊದಲು ಮೇಡಂ ಅನ್ನೋದು ಬಿಡಿ."

"ಬಿಟ್ಟೆ. ಏನಂತ ಹೇಳ್ಲಿ?"

"ಅವಳು ಒಪ್ಪಿದ್ದಾಳೆ ಅಂತ ಹೇಳಿ."

ಅವನು ಕಂಬಿಯಾಚೆಯಿಂದ ಕೈ ಚಾಚಿದ. ಕೊಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಿ," ಎಂದ.

ಅವಳು ಹೇಳಿದಳು.