ಒನ್ನಿಗೊಂದು ಹಗುರವಾದ ಬಂದೂಕು

ಟಪಾಲು ಡಬ್ಬದ ಕಂಬದ ಸುತ್ತ ಕಲ್ಲಿನಂತಾಗಿದ್ದ ಹಿಮವನ್ನು ಡೆಲ್ಮರ್ ಕಿವೇಲಾ ಸಲಿಕೆಯ ಅಂಚಿನಿಂದ ಒಡೆಯುತ್ತಿದ್ದ. ಡಬ್ಬ ಅವನದಲ್ಲ, ಒನ್ನಿ ರಾಂಟಾನದು. ಎಂಬತ್ತೊಂದು ವರ್ಷದ ಒನ್ನಿಯ ಬಲಭುಜಕ್ಕೆ ಆಪರೇಷನ್ ಆಗಿ ಆರು ವಾರ ಕಳೆದಿತ್ತು. ಡಬ್ಬದ ಮುಂದೆ ಹಿಮ ಬಿದ್ದಿದ್ದರೆ ಅಂಚೆಯ ಗ್ಲೆಂಡಾ ಕಾರು ನಿಲ್ಲಿಸುವವಳಲ್ಲ. ಕಿಟಕಿಯಿಂದ ಕೈ ಚಾಚಿದರೆ ಡಬ್ಬದ ಬಾಯಿ ಸಿಗಬೇಕು. ಆದ್ದರಿಂದ ಹಿಮ ಬಿದ್ದಾಗಲೆಲ್ಲ ಡೆಲ್ಮರ್ ಬಂದು ಬಳಿದು ಹೋಗುತ್ತಿದ್ದ. ದಾರಿಯಲ್ಲಿ ಹೋಗುವವರು ನೋಡಿ, ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎನ್ನುತ್ತಿದ್ದರು. ಡೆಲ್ಮರ್ ಮಾತ್ರ ಸಲಿಕೆಯ ಒಂದೊಂದು ಏಟಿಗೂ ಒನ್ನಿಯ ಕೋಣೆಯ ಗೋಡೆಯ ಮೇಲಿನ ಬಂದೂಕನ್ನೇ ನೆನೆಯುತ್ತಿದ್ದ.

ಅದು ಡೆಲ್ಮರನ ಅಪ್ಪ ಐನಾರನ ಗ್ಯಾರಂಡ್. ಎರಡನೇ ಮಹಾಯುದ್ಧದ ಕಾಲದ ಬಂದೂಕು. ಐನಾರ್ ಗಣಿಯಲ್ಲಿ ಕೆಲಸ ಮಾಡುತ್ತ ನಲವತ್ತು ವರ್ಷ ಶೂಟಿಂಗ್ ಕ್ಲಬ್ಬಿನ ರೇಂಜಿನಲ್ಲಿ ಅದನ್ನೇ ಹಿಡಿದು ಗುರಿಯಿಟ್ಟವನು. ಸಾಯುವ ವರ್ಷ ಅದನ್ನು ಇದ್ದೊಬ್ಬ ಮಗನಿಗೆ ಕೊಡದೆ ಗೆಳೆಯ ಒನ್ನಿಯ ಕೈಗಿತ್ತ. ಆಗ ಡೆಲ್ಮರ್ ಕುಡಿಯುತ್ತಿದ್ದ. "ನಡುಗೋ ಕೈಗೆ ಬಂದೂಕು ಕೊಡಲ್ಲ" ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಅಪ್ಪ ಹೇಳಿದ್ದು, ದಾದಿಯ ಎದುರಿಗೆ. ಅಪ್ಪನ ಮಣ್ಣಾದ ವಾರದಲ್ಲೇ ಡೆಲ್ಮರ್ ಬಾಟಲಿ ಬಿಟ್ಟ. ಕೈ ನಡುಗುವುದು ನಿಂತಿತು. ಈಗ ಕ್ಲಬ್ಬಿನ ರೇಂಜಿನ ಉಸ್ತುವಾರಿ ಅವನದೇ. ಅವನು ಕೈ ಎತ್ತಿದರೆ ಹನ್ನೆರಡು ಬಂದೂಕುಗಳು ಒಟ್ಟಿಗೆ ಸುಮ್ಮನಾಗುತ್ತವೆ. ಎರಡು ಸಲ ಅವನು ಬಾಯಿಬಿಟ್ಟು ಕೇಳಿದ್ದ. ಎರಡು ಸಲವೂ ಒನ್ನಿ ಕಾಫಿ ಬಟ್ಟಲೊಳಗೆ ನೋಡುತ್ತ "ನೋಡೋಣ" ಎಂದಿದ್ದ. ಡೆಲ್ಮರ್ ಮೂರನೆಯ ಸಲ ಕೇಳಲಿಲ್ಲ.

ಆ ದಿನ ಬೂಟಿನ ಹಿಮ ಕೊಡವಿ ಒಳಗೆ ಬಂದವನಿಗೆ ಒನ್ನಿ ಏಲಕ್ಕಿ ಬ್ರೆಡ್ಡಿನ ತುಂಡು ಕೊಟ್ಟು ಹೇಳಿದ:

"ಗ್ಯಾರಂಡ್ ಒದೆತ ಇನ್ನು ಈ ಭುಜ ತಡಿಯಲ್ಲ ಮಗಾ. ಹಗುರದ್ದೊಂದು ಬೇಕು. ಪಾಯಿಂಟ್ ಟೂಟೂದು, ಸಣ್ಣ ಗುಂಡಿಂದು, ಸೆಮಿ-ಆಟೋಮ್ಯಾಟಿಕ್. ಪ್ರತಿ ಸಲ ಬೋಲ್ಟ್ ಎಳಿಯೋಕೆ ಈ ಕೈ ಏಳಲ್ಲ. ನಾನೂರು ಡಾಲರ್ ಒಳಗಿರಬೇಕು, ಮಂಗಳವಾರ ರೇಂಜಲ್ಲಿ ನೂರು ಗುಂಡು ಹೊಡದ್ರೆ ಒಂದೂ ಕಚ್ಕೋಬಾರದು. ನೀನೇ ಆರಿಸ್ಕೊಡು."

"ಆಮೇಲೆ ಅದು?" ಡೆಲ್ಮರ್ ಗೋಡೆಯ ಕಡೆ ಗಲ್ಲ ಎತ್ತಿದ.

"ಹೊಸದು ಬರಲಿ. ಬಂದ ದಿನವೇ ಅದನ್ನ ಸೇರಬೇಕಾದ ಕಡೆ ಸೇರಿಸ್ತೀನಿ." ಮುದುಕ ತನ್ನಷ್ಟಕ್ಕೆ ನಕ್ಕ. "ಮಂಗಳವಾರ ಬರಿಗೈಲಿ ಕೂರೋಕಂತೂ ಆಗಲ್ಲ ನನಗೆ."

ಸೇರಬೇಕಾದ ಕಡೆ ಎಂದರೆ ಡುಲೂತ್‌ನಲ್ಲಿರುವ ಒನ್ನಿಯ ತಂಗಿಯ ಮಗ. ಡೆಲ್ಮರನಿಗೆ ಬೇರೆ ಯಾರೂ ಹೊಳೆಯಲಿಲ್ಲ. ರೇಂಜಿನ ಮುಖ ನೋಡದ, ವರ್ಷಕ್ಕೊಮ್ಮೆ ಹ್ಯಾಮ್ ಕಳಿಸುವ ಮನುಷ್ಯ ಅವನು. ಮನೆಗೆ ಹಿಂದಿರುಗುವ ದಾರಿಯಲ್ಲೇ ಡೆಲ್ಮರನ ತಲೆಯಲ್ಲಿ ಎಲ್ಲವೂ ಒಂದರ ಪಕ್ಕ ಒಂದು ಕೂರತೊಡಗಿತು.

ಕದ್ದರೆ ಗೋಡೆ ಖಾಲಿಯಾಗುತ್ತದೆ, ಆದ್ದರಿಂದ ಕದಿಯಬಾರದು, ಬದಲಿಸಬೇಕು. ಗ್ಯಾರಂಡುಗಳನ್ನು ಲಕ್ಷಗಟ್ಟಲೆ ಮಾಡಿದ್ದಾರೆ, ಒಂದರ ಹಾಗೆ ಇನ್ನೊಂದು. ಒನ್ನಿಯ ಕೈಗೆ ಗುರುತಿರುವುದು ಮರದ ಭಾಗ ಮಾತ್ರ: ಐನಾರನ ಗಲ್ಲ ತಾಗಿ ತಾಗಿ ಕಪ್ಪಾದ ಜಾಗ, ಆವಿಸ್ನಾನದ ಕೋಣೆಯಾದ ಸೌನಾದ ಒಲೆಗೆ ಒರಗಿಸಿ ಸುಟ್ಟುಕೊಂಡ ಬೆರಳಗಲದ ಕಲೆ. ಮರ ಅಲ್ಲೇ ಇರಲಿ. ಗ್ಯಾರಂಡನ್ನು ಬಿಚ್ಚಲು ಸಲಕರಣೆ ಬೇಡ, ಗೊತ್ತಿದ್ದವನಿಗೆ ಮೂರು ನಿಮಿಷ ಸಾಕು. ಮರವನ್ನು ಬಿಟ್ಟು ಕಬ್ಬಿಣವನ್ನು ತೆಗೆದುಕೊಳ್ಳುವುದು. ಆ ಮರದೊಳಗೆ ಬೇರೊಂದು ಬಂದೂಕಿನ ಕಬ್ಬಿಣವನ್ನು ಕೂರಿಸುವುದು. ಗುರಿ ಹೊಡೆದದ್ದು ಕಬ್ಬಿಣ. ಅಪ್ಪ ಇರುವುದು ಅದರಲ್ಲಿ ಎಂದು ಡೆಲ್ಮರ್ ತನಗೆ ತಾನೇ ಹೇಳಿಕೊಂಡ.

ಉಳಿದದ್ದು ಸಂಖ್ಯೆ. ಪ್ರತಿ ಬಂದೂಕಿನ ಬೆನ್ನಿನ ಮೇಲೂ ಒತ್ತಿರುವ ಆ ಏಳು ಅಂಕಿಗಳು. ಅದನ್ನು ಯೋಚಿಸದಿರಲು ಅವನೇನು ಹೊಸಬನಲ್ಲ. ಅಪ್ಪ ಕೊಂಡಾಗಿನ ರಸೀದಿ ಅಪ್ಪನ ತಗಡಿನ ಪೆಟ್ಟಿಗೆಯಲ್ಲಿತ್ತು, ಆ ಪೆಟ್ಟಿಗೆ ಡೆಲ್ಮರನ ಮಂಚದ ಕೆಳಗಿತ್ತು. ಮುಂದಿನ ಶನಿವಾರ ಸೌನಾದ ಒಲೆ ಹಚ್ಚಿದಾಗ ರಸೀದಿ ಮೊದಲ ಚಕ್ಕೆಗಳ ಜೊತೆ ಉರಿಯಿತು. ಕ್ಲಬ್ಬಿನ ಪುಸ್ತಕದಲ್ಲಿ ಸದಸ್ಯರ ಹೆಸರುಂಟು, ಬಂದೂಕಿನ ಸಂಖ್ಯೆಯಿಲ್ಲ. ಒನ್ನಿಯಂತೂ ತನ್ನ ಫೋನ್ ನಂಬರನ್ನೇ ಎಲ್ಲೂ ಬರೆದಿಟ್ಟವನಲ್ಲ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಲೋಕದಲ್ಲಿ ಯಾರೂ ಉಳಿದಿರಲಿಲ್ಲ.

ಜೋಡಿ ಬಂದೂಕು ಸಿಗಲು ಸಮಯ ಬೇಕಿತ್ತು. ಅದು ಸಿಗುವ ತನಕ ಒನ್ನಿಗೆ ಹಗುರದ ಬಂದೂಕು ಸಿಗಬಾರದು. ಅಷ್ಟೇ ಲೆಕ್ಕ.

ಮಾರ್ಲಿಸ್ ಟ್ರೆವಿನ್‌ಳ ಅಂಗಡಿ ಊರಿನ ಕೊನೆಯಲ್ಲಿತ್ತು; ಮುಂದೆ ಬಂದೂಕು, ಹಿಂದೆ ಮೀನಿನ ಗಾಳ, ಗಲ್ಲಾದ ಪಕ್ಕದ ಬಿಸಿಪೆಟ್ಟಿಗೆಯಲ್ಲಿ ಅವಳೇ ಸುಟ್ಟ, ಮಾಂಸ ತುಂಬಿದ ಪ್ಯಾಸ್ಟಿ. ಮೊದಲ ದಿನ ಅವಳು ತೆಗೆದಿಟ್ಟದ್ದು ಪ್ಲಾಸ್ಟಿಕ್ ಹಿಡಿಯ ಒಂದು ಸಾದಾ ಬಂದೂಕು, ಇನ್ನೂರ ಎಂಬತ್ತು ಡಾಲರ್. ಒನ್ನಿ ಎಡಗೈಯಲ್ಲೇ ಅದನ್ನೆತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗಾನಿಸಿಕೊಂಡ. ಅಂಗಡಿಯ ಹಿಂದೆ ಗುರಿ ಹೊಡೆಯಲು ಬಿಟ್ಟಿದ್ದ ಜಾಗದಲ್ಲಿ ಹೊಡೆದು ನೋಡಿದರು. ನಲವತ್ತನೆಯ ಗುಂಡು ಬಾಯಲ್ಲೇ ಕಚ್ಚಿಕೊಂಡಿತು.

"ಗುಂಡು ಅಗ್ಗದ್ದು, ಅದಕ್ಕೆ" ಎಂದಳು ಮಾರ್ಲಿಸ್. "ಬೇರೆ ಡಬ್ಬ ಒಡಿ, ಬೆಣ್ಣೆ ಹಾಗೆ ಹೋಗುತ್ತೆ."

ಅವಳು ಹೇಳಿದ್ದು ಸರಿಯೆಂದು ಡೆಲ್ಮರನಿಗೆ ಗೊತ್ತಿತ್ತು. ಅವನು ತಲೆಯಾಡಿಸಿ, "ಒಂದು ಸಲ ಕಚ್ಚಿದ್ದು ಇನ್ನೊಂದು ಸಲ ಕಚ್ಚುತ್ತೆ. ಬೇಡ ಒನ್ನಿ" ಎಂದ. ಒನ್ನಿ ಅದನ್ನು ಕೆಳಗಿಟ್ಟ.

ಡಿಸೆಂಬರಿನಲ್ಲಿ ಎರಡನೆಯದು: ದಪ್ಪ ನಳಿಗೆ, ಗುರಿ ಕೂದಲೆಳೆಯಷ್ಟೂ ತಪ್ಪದು. ಬೆಲೆ ನಾನೂರ ಮೂವತ್ತು, ಜೊತೆಗೆ ಭಾರ. ಮೂರನೆಯದು ಹಗುರವೂ ಹೌದು, ಅಗ್ಗವೂ ಹೌದು. ಆದರೆ ಗುಂಡು ತುಂಬುವ ಮ್ಯಾಗಝೀನ್ ಬಿಡಿಸುವ ಒತ್ತುಗುಂಡಿ ಒನ್ನಿಯ ಗಂಟುಬೆರಳಿಗೆ ಬಗ್ಗುವಷ್ಟು ಮೆತ್ತಗಿರಲಿಲ್ಲ. ನಾಲ್ಕನೆಯದು ಹಳೆಯ ಸರಕು; ಯಾರ ಕೈಲಿತ್ತೋ ಏನೋ ಎಂದ ಡೆಲ್ಮರ್. ಪ್ರತಿ ಸಲವೂ ಅವನ ಕಾರಣ ನಿಜವಾದ ಕಾರಣವೇ. ಅದು ಅವನಿಗೆ ಒಳಗೊಳಗೇ ಹೆಮ್ಮೆಯ ಸಂಗತಿ. ಒಂದು ಸುಳ್ಳನ್ನೂ ಆಡದೆ ಅವನು ಚಳಿಗಾಲವನ್ನು ನೂಕುತ್ತಿದ್ದ.

"ಅಲ್ಲ ಕಣ್ರಯ್ಯಾ, ನಾನು ಎರಡನೇ ಗಂಡನ್ನ ಆರಿಸೋಕೂ ಇಷ್ಟು ದಿನ ತಗೊಳ್ಳಿಲ್ಲ" ಎಂದಳು ಮಾರ್ಲಿಸ್.

"ಅದಕ್ಕೇ ಅವನೂ ಕಚ್ಕೊಂಡು ಕೂತ" ಎಂದ ಒನ್ನಿ. ಮೂವರೂ ನಕ್ಕರು.

ಮಾರ್ಲಿಸ್ ಪ್ಯಾಸ್ಟಿ ತರಲು ಹೋದಾಗ ಒನ್ನಿ ಮೆಲ್ಲಗೆ, "ಬೇಗ ಆರಿಸು ಮಗಾ. ನನ್ನಿಂದ ಒಂದು ಕೆಲಸ ನಿಂತಿದೆ" ಎಂದ. ಆತುರಪಟ್ಟರೆ ಕೆಡುತ್ತದೆ ಎಂದ ಡೆಲ್ಮರ್.

ಜನವರಿಯಲ್ಲಿ ಜೋಡಿ ಸಿಕ್ಕಿತು, ವಿಸ್ಕಾನ್ಸಿನ್ನಿನ ಒಂದು ಅಂಗಡಿಯಲ್ಲಿ, ಎರಡೂವರೆ ಗಂಟೆಯ ದಾರಿ. ಹಿಮದ ಮೇಲೆ ಓಡಿಸುವ ತನ್ನ ಸ್ನೋಮೊಬೈಲ್ ಮಾರಿ ಬಂದ ಹಣವನ್ನೆಲ್ಲ ಅಲ್ಲಿ ಸುರಿದು, ಬಂದೂಕಿನ ಸಂಖ್ಯೆ ಬರೆದಿದ್ದ ಫಾರಂ ತುಂಬಿ, ಹೆಸರು ಬರೆದು ಸಹಿ ಹಾಕಿದ. ಶಿಕ್ಷೆಯಾದವನೋ ಎಂಬ ಪ್ರಶ್ನೆಗೆ ಅಲ್ಲ ಎಂದು ಗುರುತು ಹಾಕುವಾಗ ಅವನಿಗೆ ವರ್ನ್ ನೆನಪಾದ. ಕಳವಿನ ಕೇಸಿನಲ್ಲಿ ಜೈಲು ಕಂಡು ಬಂದ ಹಳೆಯ ಸದಸ್ಯ. ಹೋದ ವರ್ಷ ರೇಂಜಿನ ಬಾಗಿಲಲ್ಲಿ ಅವನನ್ನು ತಡೆದದ್ದು ಡೆಲ್ಮರನೇ. "ಬಂದೂಕು ಮುಟ್ಟೋ ಹಾಗಿಲ್ಲ ವರ್ನ್, ಸಾಯೋ ತನಕ" ಎಂದಿದ್ದ. ವರ್ನ್ ವಾಹನದಲ್ಲಿ ಕೂತು ಒಂದು ಗಂಟೆ ಬರೀ ಸದ್ದು ಕೇಳಿ ಹೋಗಿದ್ದ.

ಶನಿವಾರಗಳಲ್ಲಿ ಒನ್ನಿಯ ಮನೆಯಲ್ಲಿ ಸೌನಾ. ಮುದುಕ ಮೂರು ಗಂಟೆಗೆ ಒಳಹೊಕ್ಕರೆ ನಾಲ್ಕರ ತನಕ ಹೊರಬಂದವನಲ್ಲ. ನಡುವೆ ಎದ್ದುಬರುವುದು ಆವಿಗೆ ಮಾಡುವ ಅವಮಾನ ಅವನಿಗೆ. ಡೆಲ್ಮರ್ ರಕ್ತದೊತ್ತಡದ ನೆಪ ಹೇಳಿ ಹೊರಗುಳಿದ. ತೆಳುವಾದ ಮಧ್ಯಾಹ್ನದ ಬೆಳಕಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಎರಡು ಬಂದೂಕುಗಳನ್ನು ಬಿಚ್ಚಿದ. ಕಾಫಿ ಡಬ್ಬದ ಹಿಂದೆ ಒಂದು ಲಕೋಟೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಕ್ರಿಸ್‌ಮಸ್ಸಿಗೂ ಮುಂಚಿನಿಂದ ಅಲ್ಲೇ ಇದ್ದದ್ದು. ಮೊಣಕೈ ತಾಗಿ ಬೀಳುವುದರಲ್ಲಿತ್ತು. ಅವನು ಅದನ್ನು ಜೋಪಾನವಾಗಿ ಮತ್ತೆ ಅಲ್ಲೇ ನಿಲ್ಲಿಸಿದ. ಕೆಲಸ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಗೋಡೆಯ ಮೇಲೆ ಗ್ಯಾರಂಡ್ ಮೊದಲಿನಂತೆಯೇ ಕೂತಿತು. ಸುಟ್ಟ ಕಲೆ ಹೊರಗೆ ಕಾಣುವ ಹಾಗೆ. ಒನ್ನಿ ಕೆಂಪಗೆ ಬೆಂದು ಬಂದವನು ಅದರ ಕೆಳಗೇ ಕೂತು ಉಪ್ಪುಮೀನು ತಿಂದ.

ಒಂದೇ ಒಂದು ಎಳೆ ಉಳಿದಿತ್ತು. ಅಪ್ಪನ ಕಬ್ಬಿಣದ ಮೇಲಿನ ಏಳು ಅಂಕಿ. ಕಾಗದದಲ್ಲಿ ಎಲ್ಲೂ ಇಲ್ಲದ ಸಂಖ್ಯೆ, ನಿಜ. ಆದರೂ ಅದು ಅಲ್ಲಿರುವ ತನಕ ಬಂದೂಕಿಗೊಂದು ಬಾಯಿದ್ದಂತೆ. ಫೆಬ್ರವರಿಯ ಒಂದು ಬೆಳಿಗ್ಗೆ ಡೆಲ್ಮರ್ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತ. ಅರವನ್ನು ಎತ್ತಿಕೊಂಡು ಅದರ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ಉಜ್ಜಿದ. ಅಂಕಿಗಳು ಬಲದಿಂದ ಎಡಕ್ಕೆ ಒಂದೊಂದಾಗಿ ಹೋದವು. ಕೈ ಒಂದಿಷ್ಟೂ ನಡುಗಲಿಲ್ಲ. ಇದನ್ನು ಅಪ್ಪ ನೋಡಬೇಕಿತ್ತು ಎನಿಸಿತು. ಮರುಕ್ಷಣವೇ, ಏನನ್ನು ನೋಡಬೇಕಿತ್ತು ಎಂದು ತನಗೇ ತಿಳಿಯದೆ ಎದ್ದು ಕಬ್ಬಿಣದ ಪುಡಿಯನ್ನು ಹಿಮಕ್ಕೆ ಚೆಲ್ಲಿ ಬಂದ.

ಇನ್ನು ತಡಮಾಡಲು ಕಾರಣವಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅವರು ಮತ್ತೆ ಮಾರ್ಲಿಸಳ ಅಂಗಡಿಗೆ ಹೋದರು. ಡೆಲ್ಮರ್ ಪ್ಲಾಸ್ಟಿಕ್ ಹಿಡಿಯ ಆ ಮೊದಲನೆಯ ಬಂದೂಕನ್ನೇ ಕೇಳಿ, ಬೇರೆ ಡಬ್ಬದ ಗುಂಡು ಹಾಕಿಸಿದ. ನೂರಕ್ಕೆ ನೂರು. ಒಂದೂ ಕಚ್ಚಲಿಲ್ಲ.

"ನವೆಂಬರಲ್ಲೇ ನಾನು ಬಡ್ಕೊಂಡಿದ್ದು ಇದನ್ನೇ" ಎಂದು ಮಾರ್ಲಿಸ್ ಹಣೆಗೆ ಕೈಯಿಟ್ಟುಕೊಂಡಳು. ಒನ್ನಿ ಮಾತ್ರ ಹಬ್ಬದ ಮುಖದಲ್ಲಿ ಗಲ್ಲಾದ ಮುಂದೆ ಫಾರಂ ತುಂಬಿದ.

ಮರುದಿನ ಬೆಳಿಗ್ಗೆ ಡೆಲ್ಮರ್ ಚಳಿಗಾಲದ ಕೊನೆಯ ಹಿಮವನ್ನು ಡಬ್ಬದ ಮುಂದಿನಿಂದ ಬಳಿದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿದ. ಒನ್ನಿ ಕಾಫಿ ಡಬ್ಬದ ಹಿಂದಿನಿಂದ ಆ ಲಕೋಟೆಯನ್ನು ತೆಗೆದು, ಅಂಗಿಯಿಂದ ಧೂಳು ಒರೆಸಿ ಕೊಟ್ಟ. ಮೇಲೆ ಮಾರ್ಲಿಸಳ ಅಂಗಡಿಯ ವಿಳಾಸವಿತ್ತು. ಹೊಸ ಬಂದೂಕಿನ ಏನೋ ಕಾಗದವಿರಬೇಕು ಎಂದುಕೊಂಡ ಡೆಲ್ಮರ್. ಹೋಗಿ ಡಬ್ಬದೊಳಗಿಟ್ಟು, ಒಯ್ಯಬೇಕಾದ ಕಾಗದವಿದೆಯೆಂದು ಅಂಚೆಯವಳಿಗೆ ಕಾಣುವಂತೆ ಕೆಂಪು ಬಾವುಟ ಎತ್ತಿ ನಿಲ್ಲಿಸಿ ಹಿಂದಿರುಗಿದ. ಅರ್ಧ ದಾರಿಗೆ ಬಂದಿದ್ದಾಗ ಒನ್ನಿ ಹೊಸ್ತಿಲಿಗೆ ಬಂದ.

"ಹಾಕ್ದ್ಯಾ? ಅಬ್ಬ. ಇನ್ನು ಹೇಳಬಹುದು. ಅದು ನಿನ್ನ ಕಾಗದವೇ ಕಣೋ!"

"ನಂದಾ?"

"ನಿಮ್ಮಪ್ಪ ನನ್ನಿಂದ ಭಾಷೆ ತಗೊಂಡಿದ್ದ. ಹತ್ತು ವರ್ಷ ಬಾಟಲಿ ಮುಟ್ಟದಿದ್ರೆ ಗ್ಯಾರಂಡ್ ಅವನಿಗೆ ಕೊಡು, ಅಲ್ಲೀತನಕ ಬಾಯಿ ಬಿಡಬೇಡ, ಬಂದೂಕಿಗೋಸ್ಕರ ಬಿಟ್ಟ ಹಾಗಾಗಬಾರದು ಅಂದಿದ್ದ. ಹೋದ ಅಕ್ಟೋಬರಿಗೆ ಹತ್ತು ತುಂಬಿತು. ಆಪರೇಷನ್ನಿಗೆ ಹೋಗೋ ಮುಂಚೆ, ಈ ಕೈ ಆಡ್ತಿದ್ದಾಗಲೇ ಬರ್ದಿಟ್ಟೆ. ಹೊಸದು ಬಂದ ಮೇಲೆ ಕಳಿಸೋಣ ಅಂತ ಕಾದೆ. ನೀನೋ, ನಾಲ್ಕು ತಿಂಗಳು ಎಳೆದೆ!" ಮುದುಕ ನಗುತ್ತಲೇ ಕಣ್ಣೊರೆಸಿಕೊಂಡ. "ಶುಕ್ರವಾರ ಮಾರ್ಲಿಸ್ ಬಂದು ತಗೊಂಡೋಗ್ತಾಳೆ. ನಿನ್ನ ಹೆಸರಿಗೆ ಮಾಡಿಸ್ತಾಳೆ. ಬೇರೆ ಯಾರೂ ನಂದು ಅನ್ನಬಾರದು ಅಂತ ಭೂತಗನ್ನಡಿ ಹಿಡಿದು ಅದರ ಬೆನ್ನಿನ ನಂಬರನ್ನೂ ಬರ್ದಿದೀನಿ. ಏಳೂ ಅಂಕಿ. ಎರಡು ಸಲ ನೋಡಿ."

ಡೆಲ್ಮರನ ಕಾಲು ಹಿಮದಲ್ಲೇ ನಿಂತಿತು. ಅಕ್ಟೋಬರಿನಲ್ಲಿ ಮುದುಕನೊಬ್ಬ ಭೂತಗನ್ನಡಿ ಹಿಡಿದು ಬರೆದ ಆ ಏಳು ಅಂಕಿ, ಇಡೀ ಚಳಿಗಾಲ ತನ್ನ ಮೊಣಕೈ ದೂರದಲ್ಲಿ, ಕಾಫಿ ಡಬ್ಬದ ಹಿಂದೆ ನಿಂತಿತ್ತು. ಗೋಡೆಯ ಮೇಲಿನ ಕಬ್ಬಿಣದಲ್ಲಿ ಇರುವುದು ಬೇರೆ ಏಳು. ಅದರ ಜಾಡು ಹಿಡಿದವರು ವಿಸ್ಕಾನ್ಸಿನ್ನಿನ ಅಂಗಡಿಯಲ್ಲಿ ಅವನ ಸಹಿಯ ಎದುರಿಗೆ ಹೋಗಿ ನಿಲ್ಲುತ್ತಾರೆ. ಶುಕ್ರವಾರದೊಳಗೆ ಮತ್ತೆ ಬದಲಿಸಿಬಿಡಬಹುದಿತ್ತು, ಹನ್ನೊಂದು ನಿಮಿಷದ ಕೆಲಸ. ಆದರೆ ಅದು ಅಪ್ಪನ ಬಂದೂಕೆಂದು ಹೇಳಬಲ್ಲ ಒಂದೇ ಗುರುತನ್ನು ಅವನ ನಡುಗದ ಕೈಯೇ ಉಜ್ಜಿ ಹಿಮಕ್ಕೆ ಚೆಲ್ಲಿತ್ತು. ಸಂಖ್ಯೆ ಉಜ್ಜಿದ ಬಂದೂಕು ಇಟ್ಟುಕೊಂಡವನಿಗೂ ಜೈಲೇ. ರೇಂಜಿನ ಹೊರಗೆ ಕಿಟಕಿ ಇಳಿಸಿಕೊಂಡು ಕೂತ ವರ್ನ್ ಕಣ್ಣಮುಂದೆ ಬಂದ. ಹಿಂದೆ ಕಾರಿನ ಸದ್ದಾಯಿತು. ಡೆಲ್ಮರ್ ಅಷ್ಟು ಚೊಕ್ಕಟವಾಗಿ ಬಳಿದಿದ್ದ ಜಾಗಕ್ಕೆ ಗ್ಲೆಂಡಾಳ ಚಕ್ರಗಳು ಒಂದಿಷ್ಟೂ ಜಾರದೆ ಬಂದು ನಿಂತವು. ಒನ್ನಿ ಹೊಸ್ತಿಲಿನಿಂದ ಅವಳಿಗೆ ಕೈಬೀಸಿದ. ಅವಳು ಕಿಟಕಿಯಿಂದ ಕೈ ಚಾಚಿ ಲಕೋಟೆಯನ್ನು ತೆಗೆದುಕೊಂಡಳು, ಕೆಂಪು ಬಾವುಟವನ್ನು ಒಂದು ಬೆರಳಿನಿಂದ ಕೆಳಗೆ ಮಡಚಿದಳು, ಮತ್ತು ಹೊರಟುಹೋದಳು.