ಖಾಲಿ ಬಿಟ್ಟ ಹೆಸರು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಗೊಳಸಂಗಿ ಊರಿನ ಕಥೆಯ ಸಿ.ಡಿ. ಸಿದ್ಧವಾಗಿತ್ತು. ಅದರ ಕೊನೆಯ ಸ್ಲೈಡ್‌ನಲ್ಲಿ ಸಿದ್ದಾರೂಢನ ಹೆಸರಿರಲಿಲ್ಲ.

ಕಥೆ ಹೇಳಿದ ಹೆಂಗಸರ ಹೆಸರುಗಳಿದ್ದವು. ಹಳೆಯ ಫೋಟೋ ಕೊಟ್ಟವರ ಹೆಸರುಗಳೂ ಇದ್ದವು. ‘ಜೋಡಣೆ: ಶೈಲಶ್ರೀ’ ಎಂದಿತ್ತು. ಅದರ ಕೆಳಗೆ ‘ಧ್ವನಿ, ಫೋಟೋ’ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿತ್ತು.

ಅದು 2006ರ ಫೆಬ್ರುವರಿ. ಸಿದ್ದಾರೂಢ ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಶೈಲಶ್ರೀ ಈ ಸೆಂಟರಿನ ಶಿಕ್ಷಕಿ. ಗೊಳಸಂಗಿಯ ಹೆಂಗಸರ ಬಾಯಿಂದಲೇ ಅವರ ಊರಿನ ಕಥೆ ಹೇಳಿಸಿ, ಫೋಟೋ ಜೋಡಿಸಿ ಸಿ.ಡಿ. ಮಾಡೋಣ ಎಂದವಳು ಅವಳೇ. ಅವನ ಡಿಜಿಟಲ್ ರೆಕಾರ್ಡರ್, ಅವಳ ಕಂಪ್ಯೂಟರ್. ದೀಪಾವಳಿಯಿಂದ ಇಬ್ಬರ ಭಾನುವಾರಗಳೂ ಗೊಳಸಂಗಿಯ ಓಣಿಗಳಲ್ಲೇ ಕಳೆದಿದ್ದವು.

ಸೋಮವಾರ ಅವನ ತಾಯಿ ಚನ್ನವ್ವ ಕನ್ನೊಳ್ಳಿಯಿಂದ ಬಂದು ಶೈಲಶ್ರೀಯನ್ನು ಹೆಣ್ಣು ಕೇಳಿ ಹೋಗಿದ್ದಳು. “ಹುಡುಗೀನ ಕೇಳಿ ಹೇಳ್ತೇವ್ರಿ,” ಎಂದಿದ್ದರು ಅವಳ ತಂದೆ ಬಸಂತರಾಯರು. ಆಮೇಲೆ ಸುದ್ದಿಯಿಲ್ಲ. ಚಡಚಣದ ದ್ರಾಕ್ಷಿ ತೋಟದವರೂ ಕೇಳಿದ್ದಾರೆಂಬುದು ಅವನ ಕಿವಿಗೆ ಬಿದ್ದಿತ್ತು.

ಈಗ ಈ ಖಾಲಿ ಜಾಗ. ಉತ್ತರ ಬಂದಂತಾಯಿತು ಎಂದುಕೊಂಡ.

“ಒಂದು ಹೆಸರು ಉಳದೈತಿ ನೋಡ್ರಿ.”

“ಗೊತ್ತೈತ್ರಿ.” ಅವಳು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಅಲ್ಲಿ ಧೂಳಿರಲಿಲ್ಲ.

“ಮರ್ತ್ರೇನು?”

“ಮರಿಯೂ ಹೆಸರೇನ್ರಿ ಅದು?”

“ಮತ್ತ ಟೈಪ್ ಮಾಡ್ರಿ.”

“ನೀವ ಮಾಡ್ರಿ.”

“ನನ್ನ ಹೆಸರು ನಾನ ಹಾಕ್ಕೊಂಡ್ರ ಮಂದಿ ನಗತಾರ.”

“ನಾ ಹಾಕಿದ್ರನೂ ನಗತಾರ್ರಿ.”

ಅವಳ ತುಟಿಯ ಅಂಚಿನಲ್ಲಿ ನಗುವಿತ್ತು. ಅದು ತನ್ನನ್ನು ಅಣಕಿಸುವ ನಗು ಎಂದು ಅವನಿಗೆ ತೋರಿತು. ಚೀಲ ಹೆಗಲಿಗೇರಿಸಿದ.

“ಚಡಚಣದವರು ಪಸಂದ ಆಗಿದ್ರ ಬಾಯಿಬಿಟ್ಟು ಹೇಳ್ರಿ. ಹಿಂಗ ಹೆಸರು ಕಿತ್ತಿ ಹೇಳಬ್ಯಾಡ್ರಿ.”

ಶೈಲಶ್ರೀ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗ ವರದಿಗಾರನ ಕೆಲಸ ಯಾವ ಪುಣ್ಯಾತ್ಮ ಕೊಟ್ಟಾನ್ರಿ?” ಎಂದು ಕೇಳಿ, ಒಂದು ಫೈಲ್ ಕ್ಲಿಕ್ ಮಾಡಿದಳು.

ಸ್ಪೀಕರಿನಲ್ಲಿ ಅವನದೇ ಧ್ವನಿ: “ಆಯಿ, ನಿಮ್ಮ ಮನಿಯವರ ಹೆಸರೇನ್ರಿ?”

ಗೊಳಸಂಗಿಯ ಮುದುಕಿ ರಾಮವ್ವ ನಕ್ಕಳು. “ಗಂಡನ ಹೆಸರು ನನ್ನ ಬಾಯಿಲೆ ಹೇಳಸ್ತೀ ಏನೋ ತಮ್ಮಾ? ಈ ಬಾಜೂಮನಿ ರುಕ್ಮವ್ವನ ಕೇಳು, ಆಕಿ ಹೇಳ್ತಾಳ. ನನ್ನಿಂದನ ಆಗಬೇಕಂದ್ರ ಎರಡು ಸಾಲಿನ ಒಡಪು ಕಟ್ಟಿ, ಅದರಾಗ ಹೆಸರು ಸೇರಿಸಿ ಹೇಳ್ತೇನಿ.”

ಫೈಲ್ ನಿಂತಿತು. ಸಿದ್ದಾರೂಢನೂ ಬಾಗಿಲ ಬಳಿ ನಿಂತ.

“ಸೋಮವಾರದಿಂದ ನಿಮ್ಮ ಹೆಸರು ಹಿಡದು ಕರದೇನೇನ್ರಿ ನಾ?”

ಅವನು ನೆನಪಿಸಿಕೊಂಡ. ಮಂಗಳವಾರ ಫೋನಿನಲ್ಲಿ “ಹಲೋ, ನಾನ್ರಿ” ಎಂದಿದ್ದಳು. ನಿನ್ನೆ ಹೋಟೆಲಿನಲ್ಲಿ “ಇವರಿಗೊಂದು ಚಾ” ಎಂದಿದ್ದಳು. ಅದಕ್ಕೂ ಮೊದಲು ಮಾತಿಗೊಮ್ಮೆ “ಸಿದ್ದಾರೂಢ ಅವ್ರ” ಎನ್ನುತ್ತಿದ್ದವಳು. ಜಾತ್ರೆಯಲ್ಲಿ ಕಳೆದ ಎಮ್ಮೆಯ ಬಣ್ಣವನ್ನೂ ಎರಡೆರಡು ಸಲ ವಿಚಾರಿಸಿ ಬರೆಯುವವನಿಗೆ ಇದು ಕಂಡಿರಲಿಲ್ಲ.

“ನಿನ್ನೆ ಹೊತ್ತು ಮುಳುಗೂತನಾ ಕುಂತೆ,” ಎಂದಳು ಅವಳು, ಪರದೆಯನ್ನೇ ನೋಡುತ್ತ. “ಮೊದಲಿನ ಅಕ್ಷರ ಹೊಡಿಯೂದು, ಅಳಸೂದು. ಬೆರಳಿಗೂ ನಾಚಿಕಿ ಇರತೈತಿ ಅಂತ ಯಾವ ಕೋರ್ಸಿನಾಗೂ ಹೇಳಿರಲಿಲ್ಲ.”

“ಮತ್ತ ನಿಮ್ಮ ಅಪ್ಪಾರು?”

“ಗುರುವಾರ ಚೊಲೊ ದಿನ, ಅವತ್ತ ಹೇಳೂಣು ಅಂದ್ರು. ಸಂಜಿಗೆ ಕನ್ನೊಳ್ಳಿಗೆ ಫೋನ್ ಮಾಡ್ತಾರ. ನಿಮಗ ಅಷ್ಟೂ ತಾಳ್ಮಿ ಇಲ್ಲ.”

ಸಿದ್ದಾರೂಢ ಕುರ್ಚಿಯಲ್ಲಿ ಕುಳಿತ. ಚೀಲ ತೊಡೆಯ ಮೇಲಿಟ್ಟುಕೊಂಡ. ಹೊರಗೆ ಮುದ್ದೇಬಿಹಾಳದ ಬಸ್ಸು ಹಾರ್ನ್ ಹೊಡೆಯಿತು; ಅದೂ ಇಂದು ಕಿವಿಗೆ ಇಂಪಾಗಿತ್ತು.

“ಹಂಗಾರ ಒಡಪಿನಾಗ ಹೇಳ್ರಿ.”

“ಈಗೇನ್ರಿ?”

“ಈಗ.”

ಅವಳು ಬಾಗಿಲತ್ತ ಒಮ್ಮೆ ನೋಡಿದಳು. ಕಿವಿ ಕೆಂಪಾಗಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು.

“ಎರಿಹೊಲಕ ಚಂದ ಬಿಳಿಜ್ವಾಳದ ತೆನಿ,
ಸಿದ್ದಾರೂಢರು ಇರೂ ಮನೀನ ನನ್ನ ಮನಿ.”

ಅವನ ಕೈ ಚೀಲದೊಳಗಿನ ರೆಕಾರ್ಡರಿಗಾಗಿ ತಡಕಿತು. “ಇನ್ನೊಮ್ಮೆ ಹೇಳ್ರಿ, ಆನ್ ಮಾಡಿರಲಿಲ್ಲ.”

“ನಿಮ್ಮ ಪೇಪರಿನ ಸುದ್ದಿ ಅಲ್ರಿ ಇದು,” ಎಂದು ಅವಳು ಕೀಬೋರ್ಡನ್ನು ಅವನತ್ತ ಸರಿಸಿದಳು. ಅವನು ತನ್ನ ಹೆಸರನ್ನು ತಾನೇ ಟೈಪ್ ಮಾಡಿದ. ಅವಳು ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ನೋಡಿದಳು.

ಭಾನುವಾರ ಗೊಳಸಂಗಿಯ ಶಾಲೆಯ ಗೋಡೆಯ ಮೇಲೆ ಸಿ.ಡಿ. ತೋರಿಸಿದರು. ಕೊನೆಯ ಸ್ಲೈಡ್ ಬಂದಾಗ, ಓದಲು ಬಾರದ ರಾಮವ್ವ “ಹೆಸರು ಓದವಾ ತಂಗಿ,” ಎಂದಳು. ಶೈಲಶ್ರೀ ಒಂದೊಂದಾಗಿ ಓದಿ, ಕೊನೆಯದರ ಮುಂದೆ ನಿಂತುಬಿಟ್ಟಳು. ರಾಮವ್ವ ಮೊದಲು ನಕ್ಕಳು, ಆಮೇಲೆ ಇಡೀ ಕೋಣೆ ನಕ್ಕಿತು.

ಮೇ ತಿಂಗಳಲ್ಲಿ ಕನ್ನೊಳ್ಳಿಯಲ್ಲಿ ಮದುವೆಯಾಯಿತು.