ಕಟ್ ಅನ್ನುವವರಿಲ್ಲದ ಶಾಟ್

ಕೊರಳಿಗೆ ಬಿದ್ದದ್ದು ಸಿನಿಮಾದ ತಾಳಿ ಎಂದರೆ ಆದಿವಾಲದ ಆ ಮದುವೆ ಚಪ್ಪರದಲ್ಲಿ ಒಬ್ಬರೂ ನಂಬಲಿಲ್ಲ. ತಲೆ ತುಂಬ ಅಕ್ಷತೆ ಹೊತ್ತು ಕೂತಿದ್ದ ಶಿವಗಂಗಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾಕೋ ಕಟ್ಟಿದೆ?" ಹಲ್ಲು ಕಚ್ಚಿ ಕೇಳಿದಳು.

ಪಕ್ಕದಲ್ಲಿ ಹಾಲೇಶ ಬೆವರುತ್ತಿದ್ದ. "ಡೋಲು ಬಾರಿಸಿಬಿಟ್ರು ಕಣೇ..."

"ಡೋಲು ಬಾರಿಸಿದ್ರೆ ಬಾವಿಗೂ ಬೀಳ್ತೀಯಾ?"

ಹಾಲೇಶ ಹಿರಿಯೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನು. ಸಿನಿಮಾ ಹುಚ್ಚು, ಅದರಲ್ಲೂ ಸೈನ್ಸ್ ಫಿಕ್ಷನ್. ಈಗ ಅವನು ತೆಗೆಯುತ್ತಿದ್ದ ಸಿನಿಮಾದಲ್ಲಿ ಬೋರ್‌ವೆಲ್ ಮೆಕ್ಯಾನಿಕ್ಕೊಬ್ಬ ಹಳೆಯ ಸ್ಟಾರ್ಟರ್ ಡಬ್ಬಿಯಿಂದ ಯಂತ್ರ ಮಾಡುತ್ತಾನೆ. ಅದರೊಳಗೆ ಕಣ್ಣಿಟ್ಟರೆ ಮುಂದೆ ನಡೆಯುವುದು ಕಾಣುತ್ತದೆ. ಅವನಿಗೆ ಕಂಡದ್ದು, ತಾನು ಪ್ರೀತಿಸಿದ ಹುಡುಗಿ ಬೇರೊಬ್ಬನ ಜೊತೆ ಹಸೆಮಣೆ ಏರಿದ್ದು. ಇಷ್ಟೇ ಕಥೆ. ಡಬ್ಬಿಗೆ ಸೀರಿಯಲ್ ಲೈಟು ಸುತ್ತಿದ್ದರು, ಅದೇ ಗ್ರಾಫಿಕ್ಸು. ಬ್ಯೂಟಿ ಪಾರ್ಲರಿನ ಶಿವಗಂಗಾ ಮೇಕಪ್ಪು ಮಾಡಲು ಬಂದವಳು ಹೀರೋಯಿನ್ ಆಗಿದ್ದಳು.

ಸೆಟ್ಟು ಹಾಕಿಸುವ ಶಕ್ತಿ ಯಾರಿಗಿತ್ತು? ಇವತ್ತಿನ ಮದುವೆಯ ವಿಡಿಯೋ ಹಾಲೇಶನದೇ. ಮುಹೂರ್ತ ಮುಗಿದು ಗಂಡುಹೆಣ್ಣು ಊಟಕ್ಕೆ ಎದ್ದ ಮೇಲೆ, ಮನೆಯವರನ್ನು ಕೇಳಿ ಅದೇ ಮಂಟಪದಲ್ಲಿ ಭವಿಷ್ಯದ ಸೀನು ಶುರುಮಾಡಿದ. ವರನಾಗಬೇಕಿದ್ದ ನಟ ಚಿತ್ರದುರ್ಗದಿಂದ ಬರಲಿಲ್ಲವೆಂದು ಹೇಳಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಡೈರೆಕ್ಟರೇ ಬಾಸಿಂಗ ಕಟ್ಟಿಕೊಂಡು ಕೂತ. ತಾಳಿಯೆಂದರೆ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. ದಾರ ಕೊರಳ ಹತ್ತಿರ ಬಂದಕೂಡಲೇ ಶಾಟ್ ಮುಗಿಯಬೇಕು.

ಮೂಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಡೋಲಿನ ಓಬಣ್ಣ ದಾರ ಎತ್ತಿದ್ದನ್ನು ಕಂಡ. ಒಂದೇ ಚಪ್ಪರದಲ್ಲಿ ಎರಡು ಜೋಡಿಯ ಮದುವೆ ಆ ಕಡೆ ಹೊಸದಲ್ಲ. ಅಯ್ಯೋ, ಇನ್ನೊಂದು ಜೋಡಿಯನ್ನು ಮರೆತೆನಲ್ಲ ಎಂದು ಗಾಬರಿಬಿದ್ದು ಗಟ್ಟಿಮೇಳ ಬಾರಿಸಿಯೇಬಿಟ್ಟ. ಗಟ್ಟಿಮೇಳ ಕಿವಿಗೆ ಬಿದ್ದ ಮೇಲೆ ಹೆಂಗಸರು ಸುಮ್ಮನಿರುತ್ತಾರೆಯೇ? ತಟ್ಟೆಯಲ್ಲಿ ಉಳಿದಿದ್ದ ಅಕ್ಷತೆಯನ್ನೆಲ್ಲ ಬಾಚಿ ಎರಚಿದರು. ಕಟ್ ಅನ್ನಬೇಕಾದವನು ಗಂಟು ಹಾಕುತ್ತಿದ್ದ.

ಊಟದ ಎಲೆ ಬಿಟ್ಟು ಎದ್ದುಬಂದವನು ಶಿವಗಂಗಾಳ ಅಪ್ಪ, ಐಮಂಗಲದ ಶಿವಕುಮಾರಪ್ಪ. ಬರುವ ಭಾನುವಾರ ಹೊಳಲ್ಕೆರೆಯಿಂದ ಗಂಡಿನವರು ಅವಳನ್ನು ನೋಡಲು ಬರುವುದಿತ್ತು. ಮುದುಕನ ಕೈಯಲ್ಲಿನ್ನೂ ಸಾರಿನ ಪಸೆ.

"ಏನಪ್ಪ ಹಾಲೇಶಿ, ಇದು ಆಟವೋ ಮದುವೇನೋ? ಆಟ ಆದ್ರೆ ಈಗ್ಲೇ ಬಿಚ್ಚು."

ಹಾಲೇಶ ಬಾಸಿಂಗ ಸರಿಮಾಡಿಕೊಂಡ. "ಸಿನಿಮಾ ಯಜಮಾನ್ರೇ... ಬರೀ ಶಾಟು."

ಶಿವಗಂಗಾಳಿಗೆ ಎದೆಗೆ ಒದ್ದಂತಾಯಿತು. ಮದುಮಗಳ ಮೇಕಪ್ಪಿನ ವಿಡಿಯೋ ತೆಗೆಯಲು ಪಾರ್ಲರಿಗೆ ಬಂದಾಗಲೆಲ್ಲ ಇವನು ಕನ್ನಡಿಯಲ್ಲಿ ನೋಡುತ್ತಿದ್ದದ್ದು ಮದುಮಗಳನ್ನಲ್ಲ. ಅವಳು ಹುಬ್ಬು ಹಾರಿಸಿದರೆ ತಕ್ಷಣ ಲೆನ್ಸು ಒರೆಸುತ್ತಿದ್ದ. ಅದೂ ಬರೀ ಶಾಟೇ?

ಧಡಕ್ಕನೆ ಎದ್ದಳು. "ಶಾಟಿಗೆ ದಾರ ತೋರಿಸಿದ್ರೆ ಸಾಕಿತ್ತು. ಮೂರು ಗಂಟು ಯಾಕೆ ಹಾಕ್ದೆ? ಕ್ಯಾಮೆರಾ ಓಡ್ತಾನೇ ಐತೆ. ಆ ವಿಡಿಯೋ ಹಾಕು, ಎಲ್ರೂ ನೋಡ್ಲಿ ನಿನ್ನ ಘನಂದಾರಿ ಕೆಲಸ!"

ಕ್ಯಾಮೆರಾದ ಅಂಗೈಯಗಲದ ಪರದೆಯ ಮುಂದೆ ತಲೆಗಳು ಮುತ್ತಿದವು. ಅದರೊಳಗೆ ಡೋಲು ಮೊಳಗಿತು, ಅಕ್ಷತೆ ಸುರಿಯಿತು. ಹಾಲೇಶ ಒಂದು ಗಂಟು ಹಾಕಿ ನಿಲ್ಲಿಸಿಬಿಟ್ಟ. ಹೂವಿನ ಜಡೆ ಅಡ್ಡ ಬಂದಿತ್ತು. ಅವಳ ಮುಖ ನೋಡಿದ, ಕಟ್ ಅನ್ನಲು ಬಾಯಿಯನ್ನೂ ತೆರೆದ. ಆಗ ಪರದೆಯ ಮೇಲಿನ ಶಿವಗಂಗಾ ಕೈ ಹಿಂದೆ ಹಾಕಿ, ಜಡೆಯನ್ನು ಮೆಲ್ಲಗೆ ಭುಜದ ಮೇಲಿಂದ ಮುಂದಕ್ಕೆಳೆದುಕೊಂಡು, ಕತ್ತು ಬಗ್ಗಿಸಿ ಕೊಟ್ಟಳು.

ಎರಡು. ಮೂರು.



"ಜಡೆ ಸರಿಸಿದ್ದೂ ಶಾಟೇ ಏನವ್ವ?" ಎಂದಳು ಅಕ್ಷತೆ ಎರಚಿದ್ದ ಏಕಾಂತಮ್ಮ. ಯಾರೋ ಕಿಸಕ್ಕನೆ ನಕ್ಕರು. ಶಿವಕುಮಾರಪ್ಪ ನಗಲಿಲ್ಲ.

"ಗಂಗಾ, ನೀನು ಹೇಳು."

ತನ್ನ ಕೈ ಹಾಗೆ ಮಾಡಿದ್ದು ಅವಳಿಗೇ ಗೊತ್ತಿರಲಿಲ್ಲ. ಹೂಂ ಎಂದರೆ ಅಪ್ಪನ ಮಾತು ಹೋಗುತ್ತದೆ. ಊಹೂಂ ಎಂದರೆ ಇವನು ಇನ್ನೆಂದೂ ಲೆನ್ಸಿನ ಹಿಂದಿನಿಂದ ಹೊರಗೆ ಬರುವುದಿಲ್ಲ.

"ನನ್ನ ಕೇಳಿದ್ರೆ ಹೆಂಗಪ್ಪಾ? ಇವ್ನು ಒಂದಿನನಾದ್ರೂ ಬಾಯಿಬಿಟ್ಟು ಕೇಳಿದ್ರೆ ತಾನೇ ನಾನು ಹೇಳೋದು!"

ಹಾಲೇಶ ಬಾಸಿಂಗ ಬಿಚ್ಚಿ ಕೆಳಗಿಟ್ಟ.

"ಡಬ್ಬೀಲಿ ಕಾಣೋ ಗಂಡು ಯಾರಂದ್ಕಂಡೆ? ಆ ಹೊಳಲ್ಕೆರೆಯೋನೇ. ನಿನಗೆ ಗಂಡು ನೋಡ್ತಾವ್ರೆ ಅಂತ ಗೊತ್ತಾದ ದಿನ ಬರೆದ ಕಥೆ ಇದು. ಆ ನಟ ಬರ್ಲಿಲ್ಲ ಅಂದೆನಲ್ಲ, ಸುಳ್ಳು. ನಾನೇ ಬರಬೇಡ ಅಂದೆ. ನಿನ್ನ ಪಕ್ಕ ಇನ್ನೊಬ್ಬ ಕೂರೋದು ಸಿನಿಮಾದಾಗೂ ನೋಡಾಕೆ ಆಗ್ಲಿಲ್ಲ ನನಗೆ. ಬಿಚ್ಚು ಅಂದ್ರೆ ಬಿಚ್ತೀನಿ. ಇಲ್ಲಾಂದ್ರೆ... ನನ್ನ ಮದುವೆ ಆಗ್ತೀಯಾ?"

"ಮೂರು ಗಂಟು ಹಾಕಿದ ಮೇಲೆ ಕೇಳ್ತಾನೆ, ಮುಟ್ಠಾಳ," ಎಂದಳು. ಕಣ್ಣು ತುಂಬಿಬಂತು. "ಹೂಂ."

ಶಿವಕುಮಾರಪ್ಪ ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಲೇ ಹಾಲೇಶಿ, ಇದನ್ನ ನಾನು ಮದುವೆ ಅನ್ನಲ್ಲ. ನಿಮ್ಮ ಹಿರೀಕರು ಮನೆಗೆ ಬಂದು ಕೇಳ್ಬೇಕು, ನಾನು ಕೊಡ್ಬೇಕು. ಹೊಳಲ್ಕೆರೆಯೋರ ಬೈಗುಳ ನಾನೇ ತಿಂತೀನಿ, ಬಿಡು. ಗಂಗಾ, ಅಲ್ಲಿವರೆಗೂ ಅದನ್ನ ಬಿಚ್ಚಿಡು."

ಶಿವಗಂಗಾ ತಲೆ ತಗ್ಗಿಸಿ ಕತ್ತಿನ ಹಿಂದೆ ಎರಡೂ ಕೈ ಹಾಕಿದಳು. ಒಂದಷ್ಟು ಹೊತ್ತು ಹೆಣಗಿದಳು.

"ಗಂಟು ಬಿಗಿಯಾಗೈತಪ್ಪ. ಬರ್ತಿಲ್ಲ."

ಅವಳ ಬೆರಳುಗಳು ಗಂಟನ್ನು ಸಡಿಲಿಸುತ್ತಿರಲಿಲ್ಲ, ಭದ್ರವಾಗಿ ಒತ್ತಿ ಹಿಡಿದಿದ್ದವು. ಅದನ್ನು ಕಂಡವನು ಅವಳ ಹಿಂದೆ ನಿಂತಿದ್ದ ಹಾಲೇಶ ಒಬ್ಬನೇ.